ಮಲ್ಲಮ್ಮನ ಅವ್ವ ಶಾಲೆಗೆ ಬಂದ ದಿನ

ನನ್ನ ಗಂಟಲಿನಲ್ಲಿ ಒಂದು ಇಡೀ ಶಾಲೆಯೇ ಇತ್ತು. ಹೆಡ್‌ಮಿಸ್ಟ್ರೆಸ್ ಸ್ಟೆಲ್ಲಾ ಮೇಡಂ ಕೆಮ್ಮಿ, ಕನ್ನಡಕ ಮೇಲೇರಿಸಿ, "ವಾಟ್ ಇಸ್ ದಿಸ್ ನಾನ್‌ಸೆನ್ಸ್‌ಪಾ" ಅನ್ನುವುದು. ಡ್ರಿಲ್ ಮಾಸ್ಟರು ಸೀಟಿ ಊದುವ ಮೊದಲು ಎಳೆದುಕೊಳ್ಳುವ ಉಸಿರು. ಇನ್‌ಸ್ಪೆಕ್ಷನ್ನಿಗೆ ಬಂದ ಸಾಹೇಬರು ಚಕ್ಕುಲಿ ಕಡಿಯುತ್ತಲೇ ಶಿಸ್ತಿನ ಬಗ್ಗೆ ಮಾಡುವ ಭಾಷಣ. ಶಿವಾಜಿನಗರದಲ್ಲಿ ಹುಟ್ಟಿ ಬೆಳೆದವನಿಗೆ ಇವರೆಲ್ಲರ ಧ್ವನಿ ತೆಗೆಯುವುದೇನೂ ದೊಡ್ಡ ವಿದ್ಯೆಯಲ್ಲ. ನಮ್ಮ ಬೀದಿಯಲ್ಲಿ ಹಾಲು ತಮಿಳಿನಲ್ಲಿ ಬರುತ್ತಿತ್ತು, ಮೊಟ್ಟೆ ದಖನಿಯಲ್ಲಿ, ಬೈಗುಳ ಎಲ್ಲ ಭಾಷೆಗಳಲ್ಲೂ. "ಇಷ್ಟರಲ್ಲಿ ನಿಮ್ಮ ಸ್ವಂತ ಧ್ವನಿ ಯಾವುದು?" ಎಂದು ಮದುವೆಯಾದ ಹೊಸದರಲ್ಲಿ ಹೆಂಡತಿ ಕೇಳಿದ್ದಳು. ನಿವೃತ್ತಿಯಾದ ಮೇಲೂ ಹುಡುಕುತ್ತಿದ್ದೇನೆ.

ಮೇಷ್ಟ್ರ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಬಡ್ತಿ, ಪಿಂಚಣಿ, ವರ್ಗಾವಣೆ ಬಗ್ಗೆ ಕೇಳುತ್ತಾರೆ. ಅದಕ್ಕೆಲ್ಲ ಯೂನಿಯನ್ನಿನವರಿದ್ದಾರೆ. ನಾನು ಹೇಳಬೇಕೆಂದಿರುವುದು ಟ್ರೈನಿಂಗ್ ಕಾಲೇಜಿನಲ್ಲಿ ಯಾರೂ ಕಲಿಸದ ಒಂದು ಗಳಿಗೆಯ ಬಗ್ಗೆ. ತರಗತಿಯಲ್ಲಿ ಮೇಷ್ಟ್ರೊಬ್ಬರು ಮಗುವಿನ ಮಾನ ಕಳೆದಿರುತ್ತಾರೆ. ಮರುದಿನ ಆ ಮಗುವಿನ ಮನೆಯವರು ಬಾಗಿಲಲ್ಲಿ ಬಂದು ನಿಂತಿರುತ್ತಾರೆ. ಆ ಗಳಿಗೆ. ಮೇಷ್ಟ್ರುಗಳು ಇದನ್ನು ಓದಲಿ. ಮನೆಯಲ್ಲಿ ಮಕ್ಕಳಿರುವ ಮೇಷ್ಟ್ರುಗಳು ಎರಡು ಸಲ ಓದಲಿ.

ನಮ್ಮದು ಕೆ.ಆರ್. ಪುರದ ಕಡೆಯ ಒಂದು ಅನುದಾನಿತ ಪ್ರೌಢಶಾಲೆ. ನಾನು ಕನ್ನಡ ಮೇಷ್ಟ್ರಾಗಿ ಸೇರಿದ್ದು ತೊಂಬತ್ತರ ದಶಕದ ನಡುವಿನಲ್ಲಿ. ಆಗ ಹೊರಮಾವು ಇನ್ನೂ ಹಳ್ಳಿ. ಮಹದೇವಪುರದ ಹೊಲಗಳಲ್ಲಿ ಒಂದೊಂದೇ ಕಟ್ಟಡ ಏಳುತ್ತಿತ್ತು. ಶಾಲೆಯ ಹಳೇ ಸಭಾಂಗಣವನ್ನು ನಡುವೆ ಹಲಗೆ ಹೊಡೆದು ಎರಡು ಕ್ಲಾಸು ಮಾಡಿದ್ದರು. ಹಲಗೆ ಸೂರಿನವರೆಗೆ ಮುಟ್ಟುತ್ತಿರಲಿಲ್ಲ. ಆಚೆ ಸೀನಿದರೆ ಈಚೆಯವರು ಮೂಗು ಒರೆಸಿಕೊಳ್ಳಬೇಕು, ಅಂಥ ಗೋಡೆ.

ಆ ಗೋಡೆಯ ಆಚೆಗಿದ್ದವರು ಗಣಿತದ ನಾಗಭೂಷಣ ಸರ್. ಶಾಲೆಯ ಸೀನಿಯರ್ ಮೇಷ್ಟ್ರು. ಸ್ಟೆಲ್ಲಾ ಮೇಡಂ ನಿವೃತ್ತರಾದ ಮೇಲೆ ಹೆಡ್‌ಮಾಸ್ಟರ್ ಆಗುವವರು. ಸುಳ್ಳು ಹೇಳಬಾರದು, ಪಾಠ ಅಂದರೆ ಪಾಠ. ರೇಖಾಗಣಿತದ ಪ್ರಮೇಯವನ್ನು ತಿಂಡಿ ಬಡಿಸುವ ಹಾಗೆ ಬಿಡಿಸಿಡುತ್ತಿದ್ದರು. ನಾನೇ ಈಚೆ ಕಡೆ ನನ್ನ ಹುಡುಗರಿಗೆ ಕಾಪಿ ಬರೆಯಲು ಕೊಟ್ಟು ಕಿವಿಗೊಟ್ಟು ಕೇಳಿದ್ದುಂಟು. ಬೆತ್ತ ಮುಟ್ಟಿದವರಲ್ಲ, ಕಿರುಚಿದವರಲ್ಲ. ಅವರ ಧ್ವನಿ ತಗ್ಗಿನದು, ನಿಧಾನದ್ದು, ಮಗುವಿಗೆ ಕಷಾಯ ಕುಡಿಸುವಾಗ ಮಾಡುವ ಧ್ವನಿ. "ಏನಮ್ಮಾ..." ಅಂತ ಶುರುವಾಗುತ್ತಿತ್ತು. ಆ 'ಮ್ಮಾ' ಎಳೆದಷ್ಟೂ ಕ್ಲಾಸು ಬಿಗಿದು ಕೂರುತ್ತಿತ್ತು.

ಟೆಸ್ಟ್ ಪೇಪರ್ ಕೊಡುವುದಕ್ಕೆ ಅವರದೊಂದು ಪದ್ಧತಿ. ಕಡಿಮೆ ಅಂಕದವರಿಂದ ಶುರು. ಹೆಸರು ಕರೆದ ಮಗು ಎದ್ದು ಬೋರ್ಡಿನ ಹತ್ತಿರ ಹೋಗಬೇಕು. ಕ್ಲಾಸಿಗೆ ಮುಖ ಮಾಡಿ ಮೂರು ಸಂಗತಿ ಗಟ್ಟಿಯಾಗಿ ಹೇಳಬೇಕು: ತನ್ನ ಹೆಸರು, ಅಪ್ಪ ಅಮ್ಮನ ಕೆಲಸ, ತನ್ನ ಅಂಕ. ಆಮೇಲೆ ಸರ್ ಒಂದು ಮಾತು ಸೇರಿಸುತ್ತಿದ್ದರು. "ಅಪ್ಪ ಬಾಳೆಹಣ್ಣು ಮಾರ್ತಾರೆ. ಡಜನ್ ಎಷ್ಟು ಅಂತ ಅವ್ರನ್ನೇ ಕೇಳ್ಕೊಂಡ್ ಬರಬಾರ್ದಿತ್ತಾ ಪುಟ್ಟಾ?" ಕ್ಲಾಸು ನಗುತ್ತಿತ್ತು. ನಾಚಿಕೆಯಾದರೆ ಓದುತ್ತಾರೆ ಅನ್ನುವುದು ಅವರ ಸಿದ್ಧಾಂತ. ಕೆಲವರು ಓದಿದರು ಕೂಡ. ಉಳಿದವರು ಎಲ್ಲಿಗೆ ಹೋದರು ಅಂತ ರಿಸಲ್ಟ್ ಶೀಟಿನಲ್ಲಿ ಬರುವುದಿಲ್ಲ.

ಹೀಗೆ ನಗೆಪಾಟಲಾದ ಮಕ್ಕಳ ಮನೆಯವರು ಬಂದದ್ದನ್ನು ನಾನು ಒಂದಲ್ಲ, ಹಲವು ಸಲ ಕಂಡೆ.

ಮೊದಲು ಕಂಡದ್ದು ಒಬ್ಬ ಲಾರಿ ಡ್ರೈವರನ್ನು. ಬಂದವನೇ ಸರ್ ಕಾಲರ್ ಹಿಡಿದು, "ಲೇ, ನನ್ ಲಾರಿ ಬಗ್ಗೆ ಮಾತಾಡೋಕೆ ನೀನ್ಯಾವನೋ?" ಅಂದ. ಶರ್ಟಿನ ಗುಂಡಿ ಹಾರಿತು. ಆ ಗುಂಡಿಯೊಂದಿಗೆ ವಿಷಯವೂ ಹಾರಿ ಹೋಯಿತು. ಆಮೇಲೆ ಎಲ್ಲರೂ ಮಾತಾಡಿದ್ದು ಕಾಲರ್ ಬಗ್ಗೆ. ಸರ್ ಗಾಯಾಳು ವೀರರಾದರು. ಹುಡುಗನಿಗೆ ಟಿ.ಸಿ. ಸಿಕ್ಕಿತು. ನಾನು ಸ್ಟಾಫ್ ರೂಮಿನಲ್ಲಿ ಡ್ರೈವರ್ ಧ್ವನಿ, ಸರ್ ಧ್ವನಿ, ಗುಂಡಿ ನೆಲಕ್ಕೆ ಬಿದ್ದ ಸದ್ದು, ಎಲ್ಲ ಮಾಡಿ ತೋರಿಸಿ ಒಂದು ಟೀ ಗಿಟ್ಟಿಸಿದೆ.

ಇನ್ನೊಬ್ಬರು ಬ್ಯಾಂಕಿನವರು. ಇಸ್ತ್ರಿ ಶರ್ಟು, ಜೇಬಿನಲ್ಲಿ ಪೆನ್ನು. "ಸರ್, ನೀವು ಬೈದಿದ್ದು ಕಮ್ಮಿ ಆಯ್ತು" ಎಂದು ನಮ್ಮೆದುರಿಗೇ ಮಗನ ಕೆನ್ನೆಗೆ ಬಿಟ್ಟರು. ಹುಡುಗ ಅಳಲಿಲ್ಲ. ಅಪ್ಪನನ್ನು ಒಮ್ಮೆ ನೋಡಿದ. ಆಮೇಲೆ ಆ ಹುಡುಗ ಮನೆಯಲ್ಲಿ ಏನನ್ನಾದರೂ ಹೇಳಿರುತ್ತಾನೆ ಅಂತ ನನಗೆ ಅನ್ನಿಸುವುದಿಲ್ಲ.

ಮತ್ತೊಬ್ಬ ತಾಯಿ ಬುರ್ಖಾದ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಲಡಾಯಿ ನಕ್ಕೋ ಸಾಬ್, ಟಿ.ಸಿ. ದೇ ದೋ" ಎಂದು ಜಗಳ ಬೇಡವೆಂದು ಮಗಳನ್ನು ಪುಲಿಕೇಶಿನಗರದ ಬೇರೆ ಶಾಲೆಗೆ ಸೇರಿಸಿದರು. ಶಾಲೆ ಬದಲಾಯಿತು. ಸರ್ ಬದಲಾಗಲಿಲ್ಲ. ಹುಡುಗಿ ಮಾತ್ರ ತಪ್ಪು ತನ್ನದೇ ಎಂದುಕೊಂಡು ಬ್ಯಾಗು ಹೊತ್ತುಕೊಂಡು ಹೋದಳು.

ಆಮೇಲೆ ಬಂದವಳು ಮಲ್ಲಮ್ಮನ ಅವ್ವ.

ಮಲ್ಲಮ್ಮ ನಾನು ಕ್ಲಾಸ್ ಟೀಚರ್ ಆಗಿದ್ದ ಒಂಬತ್ತನೇ ತರಗತಿಯ ಹುಡುಗಿ. ಯಾದಗಿರಿ ಕಡೆಯವರು. ಅಪ್ಪ ಗಾರೆ ಕೆಲಸ, ಅವ್ವ ಶರಣಮ್ಮ ಅದೇ ಕಟ್ಟಡದಲ್ಲಿ ಬಾಂಡ್ಲಿಯಲ್ಲಿ ಸಿಮೆಂಟು ಹೊರುವವಳು. ಹೊರಮಾವಿನಲ್ಲಿ ಒಂದು ಬಾಡಿಗೆ ರೂಮು. ಹುಡುಗಿ ವರ್ಷದ ನಡುವೆ ಬಂದು ಸೇರಿದ್ದಳು. ಸೇರಿದ ಹೊಸದರಲ್ಲಿ ಪ್ರಶ್ನೆ ಕೇಳಿದ್ದಕ್ಕೆ "ತಿಳೀಲಿಲ್ರಿ ಸರ" ಅಂದಳು. ಆ ರಾಗಕ್ಕೆ ಕ್ಲಾಸು ನಕ್ಕಿತು. ಅಲ್ಲಿಂದ ಅವಳು ಬಾಯಿ ಬಿಟ್ಟದ್ದನ್ನು ನಾನು ಕಾಣೆ. ಹಾಜರಿ ಕರೆದರೆ ಕೈ ಎತ್ತುತ್ತಿದ್ದಳು, ಅಷ್ಟೇ.

ಅವತ್ತು ಆಚೆ ಕಡೆ ಒಂಬತ್ತನೇ ತರಗತಿಗೆ ಗಣಿತದ ಪೇಪರ್ ಕೊಡುತ್ತಿದ್ದರು. ಈಚೆ ನಾನು ಎಂಟನೇ ತರಗತಿಯಲ್ಲಿದ್ದೆ. ಮೊದಲ ಹೆಸರೇ ಮಲ್ಲಮ್ಮನದು.

"ಏನಮ್ಮಾ ಮಲ್ಲಮ್ಮಾ..." ಧ್ವನಿ ಹಲಗೆ ದಾಟಿ ಬಂತು. ನನ್ನ ಎಂಟನೇ ತರಗತಿಯ ಹುಡುಗರು ನನ್ನ ಮುಖ ನೋಡಿದರು. ಸರ್ ಒಂದು ವಾಕ್ಯ ಹೇಳಿದರೆ ನಾನು ತುಟಿ ಅಲ್ಲಾಡಿಸಿ ಅದನ್ನೇ ಮಾಡಿ ತೋರಿಸುವುದು ಅವರಿಗೆ ರೂಢಿಯಾಗಿತ್ತು. ನಾನು ತುಟಿ ಸಿದ್ಧ ಮಾಡಿಕೊಂಡೆ.

"ಅಮ್ಮ ಏನ್ ಹೊರ್ತಾರೆ? ಹೇಳಲ್ವಾ? ನಾನೇ ಹೇಳ್ತೀನಿ. ಬಾಂಡ್ಲಿ. ಎಷ್ಟು ಬಾಂಡ್ಲಿ ಹೊತ್ತೆ ಅಂತ ಎಣಿಸೋಕೆ ಬರತ್ತಾ ಅವ್ರಿಗೆ? ಬರಲ್ಲ. ನಿಂಗೂ ಬರಲ್ಲ. ಪರವಾಗಿಲ್ಲ ಪುಟ್ಟಾ, ಹೊರೋಕೆ ಲೆಕ್ಕ ಬೇಕಾಗಿಲ್ಲ. ತಗೋ, ಈಗ್ಲಿಂದ್ಲೇ ಪ್ರಾಕ್ಟೀಸ್ ಮಾಡು."

ಪುಸ್ತಕದ ಕಟ್ಟು ಎತ್ತಿದ ಸದ್ದು. ಆಮೇಲೆ ಬೆಂಚುಗಳ ನಡುವೆ ಒಂದೇ ಜೊತೆ ಬರಿಗಾಲಿನ ಸದ್ದು, ಆ ತುದಿಯಿಂದ ಈ ತುದಿಗೆ, ಮತ್ತೆ ಆ ತುದಿಗೆ. ನಗು. ಇಡೀ ಕ್ಲಾಸಿನ ನೋಟ್ ಬುಕ್ಕುಗಳನ್ನು ತಲೆಯ ಮೇಲೆ ಹೊರಿಸಿ ಗಂಟೆ ಹೊಡೆಯುವ ತನಕ ನಡೆಸಿದರು. ನನ್ನ ತುಟಿ ಸಿದ್ಧ ಮಾಡಿದ ಹಾಗೇ ನಿಂತುಬಿಟ್ಟಿತ್ತು.

ಮರುದಿನದಿಂದ ಮಲ್ಲಮ್ಮ ಬರಲಿಲ್ಲ. ವಾರ ಕಳೆಯುವ ಹೊತ್ತಿಗೆ ಅವಳನ್ನು ಕರೆದುಕೊಂಡು ಶರಣಮ್ಮ ಬಂದಳು. ಸೀರೆಯ ಅಂಚಿಗೆ ಸಿಮೆಂಟು ಒಣಗಿ ಬೆಳ್ಳಗಾಗಿತ್ತು.

ಸ್ಟೆಲ್ಲಾ ಮೇಡಂ ಗಣಿತದ ಸರ್ ಜೊತೆ, ಕ್ಲಾಸ್ ಟೀಚರ್ ಅಂತ ನನ್ನನ್ನೂ ತಮ್ಮ ಕೋಣೆಗೆ ಕರೆಸಿದರು. ಒಳಗೆ ಹೋಗುವ ಮುಂಚೆ ನಾಗಭೂಷಣ ಸರ್ ನನ್ನನ್ನು ನೀರಿನ ಡ್ರಮ್ಮಿನ ಹತ್ತಿರ ನಿಲ್ಲಿಸಿದರು. ಅದೇ ಕಷಾಯದ ಧ್ವನಿ. "ಪ್ರಭಾಕರ್, ನಿಮ್ಮ ಅಪ್ರೂವಲ್ ಇನ್ನೂ ಇಲಾಖೆಯಿಂದ ಬರ್ಬೇಕು ಅಲ್ವಾ? ಬರತ್ತೆ. ನಾನಿದೀನಿ. ಮಿಮಿಕ್ರಿ ಎಲ್ಲಾ ಸ್ಕೂಲ್ ಡೇಗೆ ಇಟ್ಕೊಳ್ಳಿ, ಆಯ್ತಾ?"

ಅಪ್ರೂವಲ್ ಅಂದರೇನು ಅಂತ ಅನುದಾನಿತ ಶಾಲೆಯವರಿಗೆ ಗೊತ್ತು. ಅದು ಬರುವ ತನಕ ನೀವು ಮೇಷ್ಟ್ರೂ ಅಲ್ಲ, ಅಲ್ಲದವರೂ ಅಲ್ಲ. ಆಡಳಿತ ಮಂಡಳಿ ಕೊಟ್ಟಷ್ಟು, ಕೊಟ್ಟಾಗ. ಮನೆಯಲ್ಲಿ ಹೆಂಡತಿ ಬಸುರಿ. ನಾನು "ಆಯ್ತು ಸರ್" ಅಂದೆ, ನನ್ನದೇ ಧ್ವನಿಯಲ್ಲಿ. ಅದು ಯಾವುದು ಅಂತ ಅವತ್ತು ಸ್ವಲ್ಪ ಗೊತ್ತಾಯಿತು: ತೆಳ್ಳಗಿತ್ತು.

ಸ್ಟೆಲ್ಲಾ ಮೇಡಂ ಒಳ್ಳೆಯವರು. ಒಳ್ಳೆಯವರಿಗೆ ಜಗಳ ಕಂಡರೆ ಭಯ. "ಅಮ್ಮಾ, ಕೂತ್ಕೊಳ್ಳಿ. ಆ ಕೊಳಂದೆ... ಮಗು ಹೊರಗೆ ಇರ್ಲಿ, ಪಾವಂ. ದೊಡ್ಡವ್ರು ಮಾತಾಡೋಣ" ಅಂದರು.

"ಆಕೀನೂ ಒಳಗೇ ಕುಂಡ್ರಲಿ, ಬಾಯಾರ" ಅಂದಳು ಶರಣಮ್ಮ. "ಮಾತು ಆಕೀದು. ಆಕಿ ಹಿಂದ ನಾ ಮಾತಾಡೂದಿಲ್ರಿ."

ಇದ್ದ ಒಂದು ಖಾಲಿ ಕುರ್ಚಿಯಲ್ಲಿ ಮಗಳನ್ನು ಕೂರಿಸಿ, ತಾನು ಪಕ್ಕದಲ್ಲಿ ನಿಂತಳು. ಆಮೇಲೆ ನಾಗಭೂಷಣ ಸರ್ ಕಡೆ ತಿರುಗಿದಳು.

"ಸರ, ನಾ ಬಡಿದಾಡ್ಲಿಕ್ಕಿ ಬಂದಿಲ್ಲ. ಒಂದ್ ವಾರ ಆತು, ಹುಡುಗಿ 'ಸಾಲಿಗಿ ಹೋಗಲ್ಲ' ಅನ್ನೂದು ಬಿಟ್ರ ಬ್ಯಾರೆ ಮಾತಿಲ್ಲ. ಅವರಪ್ಪ, ಹಂಗಿದ್ರ ನಾಳಿಂದ ಕೆಲಸಕ್ಕ ಬರಲಿ ಅನ್ಲಿಕತ್ತಾನ. ಇವತ್ತ ಒಂದಿನ ತಡಿ ಅಂತ ಹೇಳಿ ಬಂದೀನಿ. ನೀವು ಕ್ಲಾಸಿನ್ಯಾಗ ಈಕಿಗಿ ಏನ್ ಅಂದ್ರಿ, ಅದನ್ನ ನನ್ನ ಮುಂದ ಅನ್ರಿ. ಅಷ್ಟ."

ಹತ್ತು ಹದಿನೈದು ವರ್ಷ ತಗ್ಗಿದ ಧ್ವನಿಯಲ್ಲೇ ಕ್ಲಾಸು ನಡುಗಿಸಿದ ಮನುಷ್ಯನಿಗೆ ಇದು ಹೊಸ ಪ್ರಶ್ನೆ. ಯಾಕೆ ಅಂದಿರಿ ಅಂತ ಎಲ್ಲರೂ ಕೇಳಿದ್ದರು. ಇನ್ನೊಮ್ಮೆ ಅನ್ನಿ ಅಂತ ಯಾರೂ ಕೇಳಿರಲಿಲ್ಲ.

"ಏನಿದೆಯಮ್ಮಾ ಅನ್ನೋಕೆ? ಚೆನ್ನಾಗಿ ಓದು ಅಂದೆ. ತಮಾಷೆಗೆ ನೋಟ್ ಬುಕ್ಸ್ ಎತ್ಕೋ ಅಂದೆ. ನಾನು ಮಕ್ಕಳನ್ನ ಮುಟ್ಟೋನೇ ಅಲ್ಲ. ಕೇಳಿ ಯಾರನ್ನ ಬೇಕಾದ್ರೂ."

"ಸೀ, ಅಷ್ಟೇ ಅಮ್ಮಾ" ಎಂದು ಸ್ಟೆಲ್ಲಾ ಮೇಡಂ ಉಸಿರು ಬಿಟ್ಟರು.

ಶರಣಮ್ಮ ನನ್ನ ಕಡೆ ನೋಡಿದಳು. "ಕನ್ನಡ ಸರ ನೀವೇ ಏನ್ರಿ? ನೀವು ಎಲ್ಲಾರ ಧ್ವನಿ ತೆಗೀತೀರಿ ಅಂತ ಈಕಿ ಮದಲ ನಕ್ಕೋತ ಹೇಳ್ತಿದ್ಳು. ನಡುವ ಹಲಗಿ ಗ್ವಾಡಿ ಅದ, ಎಲ್ಲಾ ಕೇಳಸ್ತದ ಅಂತನೂ ಹೇಳ್ಯಾಳ. ಆ ಸರ ಮರ್ತಾರ. ನೀವ ಹೇಳ್ರಿ."

ಮೇಜಿನ ಮೇಲಿದ್ದ ಗ್ಲೋಬನ್ನು ನೋಡಿದೆ. ಅದರಲ್ಲಿ ಎಲ್ಲಿಗಾದರೂ ಓಡಿಹೋಗಬಹುದಿತ್ತು. ಗಂಟಲು ಸರಿಮಾಡಿಕೊಂಡು, ವರದಿ ಒಪ್ಪಿಸುವ ಹಾಗೆ ನನ್ನ ತೆಳ್ಳನೆಯ ಧ್ವನಿಯಲ್ಲಿ ಹೇಳಿದೆ: "ಅದು... ಅಮ್ಮ ಬಾಂಡ್ಲಿ ಹೊರ್ತಾರೆ, ಹೊರೋಕೆ ಲೆಕ್ಕ ಬೇಕಾಗಿಲ್ಲ, ಪ್ರಾಕ್ಟೀಸ್ ಮಾಡು, ಅಂತ..."

ಬರೇ ಮಾತಾಗಿ ಹೇಳಿದರೆ ಅದು ಏನೂ ಅಲ್ಲ ಅನ್ನಿಸಿತು. ಸ್ಟೆಲ್ಲಾ ಮೇಡಂ ಮುಖದಲ್ಲಿ ಏನೂ ಆಗಲಿಲ್ಲ. ನಾಗಭೂಷಣ ಸರ್ ಮುಗುಳ್ನಕ್ಕರು. "ಅಷ್ಟೇ ತಾನೇ? ಪ್ರೀತಿಯಿಂದ ಹೇಳಿದ್ದು ಮೇಡಂ. ಪ್ರಭಾಕರ್, ಇದರಲ್ಲಿ ತಪ್ಪೇನಿದೆ, ನೀವೇ ಹೇಳಿ."

ಕುರ್ಚಿಯಲ್ಲಿದ್ದ ಹುಡುಗಿ ನನ್ನನ್ನು ನೋಡುತ್ತಿರಲಿಲ್ಲ. ಕಾಲಿನ ಹೆಬ್ಬೆರಳಿನಿಂದ ನೆಲದ ಬಿರುಕನ್ನು ಒತ್ತುತ್ತಿದ್ದಳು. ಮಾತು ಬಂದಿತ್ತು, ವಿಷ ಬಂದಿರಲಿಲ್ಲ. ವಿಷ ಇದ್ದದ್ದು ಆ ಎಳೆತದಲ್ಲಿ, ಆ 'ಪುಟ್ಟಾ'ದಲ್ಲಿ. ಅದನ್ನು ಆ ಕೋಣೆಗೆ ತರಬಲ್ಲವನು ಒಬ್ಬನೇ ಇದ್ದ. ಅವನಿಗೆ ಅಪ್ರೂವಲ್ ಬೇಕಿತ್ತು.

ನಾನು ಎದ್ದು ನಿಂತೆ. ಕೈ ಹಿಂದೆ ಕಟ್ಟಿದೆ. ಸರ್ ಮಾಡುವ ಹಾಗೆ ತಲೆಯನ್ನು ಒಂದಿಷ್ಟು ಓರೆ ಮಾಡಿದೆ.

"ಏನಮ್ಮಾ ಮಲ್ಲಮ್ಮಾ..."

ಹೊರಗೆ ಕಾರಿಡಾರಿನಲ್ಲಿ ಹೋಗುತ್ತಿದ್ದ ಹುಡುಗರು ಗಪ್ಪನೆ ನಿಂತರು. ಸರ್ ಒಳಗಿದ್ದಾರೆ ಅಂದುಕೊಂಡರು. ಒಳಗೆ ಇದ್ದರು ಕೂಡ, ನನ್ನ ಎದುರಿಗೆ, ಬಾಯಿ ಮುಚ್ಚಿಕೊಂಡು. ನಾನು ನಿಲ್ಲಿಸಲಿಲ್ಲ. ಅಮ್ಮ ಏನ್ ಹೊರ್ತಾರೆ. ಎಣಿಸೋಕೆ ಬರತ್ತಾ. ನಿಂಗೂ ಬರಲ್ಲ. ಪರವಾಗಿಲ್ಲ ಪುಟ್ಟಾ. ಒಂದು ಉಸಿರೂ ಹೆಚ್ಚು ಕಡಿಮೆ ಮಾಡಲಿಲ್ಲ. ನನ್ನ ಜೀವಮಾನದಲ್ಲಿ ಯಾರೂ ನಗದ ಮಿಮಿಕ್ರಿ ಅದೊಂದೇ.

"ತಗೋ..." ಅಂದೆ.

ಮಲ್ಲಮ್ಮನ ಎರಡೂ ಕೈ ತಾವಾಗಿಯೇ ಮೇಲೆದ್ದವು. ತಲೆಯ ಮೇಲಿಲ್ಲದ ಕಟ್ಟನ್ನು ಹಿಡಿದುಕೊಂಡವು.

 ಸ್ಟೆಲ್ಲಾ ಮೇಡಂ ಕನ್ನಡಕ ತೆಗೆದರು. "ಕಡವುಳೇ" ಎಂದು ತಮಿಳಿನಲ್ಲಿ ದೇವರನ್ನು ಕರೆದರು, ತುಂಬ ಮೆಲ್ಲಗೆ. ನಾಗಭೂಷಣ ಸರ್ ಆ ಎತ್ತಿದ ಕೈಗಳನ್ನೇ ನೋಡುತ್ತಿದ್ದರು.

ಶರಣಮ್ಮ ಮಗಳ ಒಂದೊಂದೇ ಕೈಯನ್ನು ಇಳಿಸಿ ಮಡಿಲಿಗಿಟ್ಟಳು. ಅವಳು ಅಳಲಿಲ್ಲ, ಕೂಗಲಿಲ್ಲ.

"ಹೌದ್ರಿ ಸರ. ನೀವು ಬಾಂಡ್ಲಿ ಅಂತೀರಿ, ನಾವು ಬುಟ್ಟಿ ಅಂತೀವಿ. ಹೊರ್ತೀನಿ. ನಂಗ ಅದರದು ನಾಚಿಕಿ ಇಲ್ಲ. ಈಕಿಗೂ ಇರ್ಲಿಲ್ಲ. ನಮ್ಮವ್ವ ಕಟ್ಟಿದ ಬಿಲ್ಡಿಂಗ್ ಅದು ಅಂತ ಗೆಳತ್ಯಾರಿಗಿ ತೋರಸ್ತಿದ್ಳು. ಈಗ ದಾರ್ಯಾಗ ನಾ ಕಂಡ್ರ ಮಾರಿ ತಿರುಗಸ್ತಾಳ. ಆ ನಾಚಿಕಿ ನೀವ್ ಕೊಟ್ರಿ. ಅದನ್ನ ವಾಪಸ್ ತಗೋರಿ."

"ಅಂದ್ರೆ ನಾನು ಕ್ಷಮೆ ಕೇಳ್ಬೇಕಾ?" ಸರ್ ಧ್ವನಿ ಮೊದಲ ಸಲ ಏರಿತು. "ಇಷ್ಟು ವರ್ಷದ ಸರ್ವೀಸು ನಂದು. ಎಷ್ಟು ಜನ ಇಂಜಿನಿಯರ್‌ಗಳನ್ನ ಮಾಡಿದೀನಿ ಗೊತ್ತಾ ನಿಮಗೆ?"

"ಕ್ಷಮಾ ನಂಗ ಬ್ಯಾಡ್ರಿ. ಅದನ್ನ ಈ ಖೋಲ್ಯಾಗ ಹೇಳಿದ್ರ ಈ ಖೋಲ್ಯಾಗೇ ಉಳೀತದ. ಮುಂದಿನ ಸಲ ಪೇಪರ್ ಹ್ಯಾಂಗ ಕೊಡ್ತೀರಿ, ಅಷ್ಟ ಹೇಳ್ರಿ. ಈಕಿಗಷ್ಟ ಅಲ್ಲ, ಎಲ್ಲಾ ಹುಡುಗ್ರಿಗಿ."

ಸರ್ ತಿರುಗಿದರು. ಬಾಗಿಲು ತೆಗೆದು ಹೊರಟುಹೋದರು. ಶರಣಮ್ಮ ಮಗಳತ್ತ ಬಾಗಿದಳು. "ಬರೂದು ಬಿಡೂದು ನಿಂದು, ಯವ್ವಾ. ನೀ ಹ್ಯಾಂಗಂದ್ರ ಹಂಗ. ನಿಮ್ಮಪ್ಪನ್ನ ನಾ ನೋಡ್ಕೋತೀನಿ." ಮಲ್ಲಮ್ಮ ಕುರ್ಚಿ ಬಿಟ್ಟು ಎದ್ದಳು.

ನಾನು ಗೇಟಿನ ತನಕ ಅವರ ಜೊತೆ ಹೋದೆ. ದೊಡ್ಡ ಕೆಲಸ ಮಾಡಿದ ಹೆಮ್ಮೆ ಸ್ವಲ್ಪ ಇತ್ತು, ಕೆಲಸ ಹೋಯಿತಲ್ಲ ಅನ್ನುವ ನಡುಕ ತುಂಬ ಇತ್ತು. ಗೇಟಿನ ಹತ್ತಿರ ಶರಣಮ್ಮ ನಿಂತಳು.

"ಸರ, ನೀವು ಎಲ್ಲಾರ ಧ್ವನಿ ತೆಗೀತೀರಿ. ನಮ್ಮ ಮಲ್ಲಮ್ಮಂದು ಬರ್ತದೇನ್ರಿ?"

ಬಾಯಿ ತೆರೆದೆ. ಏನೂ ಬರಲಿಲ್ಲ. ನನ್ನ ಗಂಟಲಿನಲ್ಲಿದ್ದ ಇಡೀ ಶಾಲೆಯಲ್ಲಿ ಆ ಹುಡುಗಿ ಇರಲೇ ಇಲ್ಲ.

ಅಪ್ಪ ಅಮ್ಮಂದಿರೇ, ಶರಣಮ್ಮ ಮಾಡಿದ್ದನ್ನು ಇನ್ನೊಮ್ಮೆ ನೋಡಿ. ಮೊದಲು ಮಗಳನ್ನು ನಂಬಿದಳು, ಏನಾಯಿತೆಂದು ಮಗಳು ಬಾಯಿಬಿಟ್ಟು ಹೇಳದಿದ್ದಾಗಲೂ. ಮಗಳನ್ನು ಹೊರಗೆ ಕಳಿಸಿ ದೊಡ್ಡವರೊಂದಿಗೆ ರಾಜಿ ಮಾಡಿಕೊಳ್ಳಲಿಲ್ಲ. ಕಾಲರ್ ಹಿಡಿದಿದ್ದರೆ ಅವಳ ಕೈ ಸುದ್ದಿಯಾಗುತ್ತಿತ್ತು. ಹಿಡಿಯಲಿಲ್ಲ, ಹಾಗಾಗಿ ಮೇಷ್ಟ್ರ ಮಾತೇ ಸುದ್ದಿಯಾಯಿತು. ಕೊನೆಗೆ, ತನ್ನ ಮಗಳಿಗೊಂದು ರಿಯಾಯಿತಿ ಕೇಳದೆ ಪದ್ಧತಿಯನ್ನೇ ಹಿಡಿದಳು. ಆಮೇಲಿನ ವರ್ಷಗಳಲ್ಲಿ ಕಾಂಕ್ರೀಟ್ ಗೋಡೆ ಬಂತು, ಕ್ಯಾಮೆರಾ ಬಂತು, ತಂದೆ ತಾಯಿಯರು ಫೋನಿನ ಗ್ರೂಪಿನಲ್ಲಿ ಒಟ್ಟಾಗಿ ಬೊಬ್ಬೆ ಹಾಕುವುದೂ ಬಂತು. ಅಷ್ಟೆಲ್ಲ ಬಂದ ಮೇಲೂ, ಎದುರಿಗೆ ನಿಂತು "ಅಂದದ್ದನ್ನು ನನ್ನ ಮುಂದೆ ಅನ್ನಿ" ಅಂದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ.

ಮರುದಿನ ಮಲ್ಲಮ್ಮನ ಜಾಗ ಖಾಲಿ. ಅದರ ಮರುದಿನವೂ ಖಾಲಿ. ನಾಗಭೂಷಣ ಸರ್ ನನ್ನನ್ನು ಕಂಡರೆ ಗೋಡೆ ಕಂಡ ಹಾಗೆ ಹೋಗುತ್ತಿದ್ದರು. ಆಮೇಲೊಂದು ದಿನ ಆಚೆ ಕಡೆ ಮತ್ತೆ ಒಂಬತ್ತನೇ ತರಗತಿಗೆ ಪೇಪರ್ ಕೊಡುವ ಹೊತ್ತು. ನಾನು ಪಾಠ ನಿಲ್ಲಿಸಿದೆ. ನನ್ನ ಹುಡುಗರೂ ಕಿವಿ ನಿಮಿರಿಸಿ ಕೂತರು. 'ಏನಮ್ಮಾ' ಬರುತ್ತದೆಂದು ಕಾದೆವು. ಬಂದದ್ದು ಚಪ್ಪಲಿಯ ಸದ್ದು ಮಾತ್ರ, ಬೆಂಚಿನಿಂದ ಬೆಂಚಿಗೆ. ಬಾಗಿಲಿನಿಂದ ಇಣುಕಿದೆ. ಸರ್ ಒಬ್ಬೊಬ್ಬರ ಮುಂದೆಯೂ ಪೇಪರನ್ನು ಮಗುಚಿ ಇಡುತ್ತಾ ಹೋಗುತ್ತಿದ್ದರು, ಯಾರ ಮುಖವನ್ನೂ ನೋಡದೆ.

ಅವತ್ತು ಪೇಪರ್ ಕೊಡುತ್ತಾರೆಂದು ಮಗಳ ಗೆಳತಿಯರಿಂದ ತಿಳಿದುಕೊಂಡು, ಸಂಜೆ ಗೇಟಿನ ಹೊರಗೆ ಶರಣಮ್ಮ ನಿಂತಿದ್ದಳು. "ಹ್ಯಾಂಗ ಕೊಟ್ರು?" ಅಂದಳು. "ಮಗುಚಿ ಇಟ್ರು, ಮಾತಾಡ್ಲಿಲ್ಲ" ಅಂದೆ. ತಲೆ ಆಡಿಸಿ ಹೋದಳು. ಅದಕ್ಕಿಂತ ದೊಡ್ಡ ಜಯ ಯಾರಿಗೂ ಸಿಗಲಿಲ್ಲ. ಸರ್ ಹೆಡ್‌ಮಾಸ್ಟರ್ ಆದರು. ನನ್ನ ಅಪ್ರೂವಲ್ ಫೈಲು ತುಂಬ ಕಾಲ ಅವರ ಮೇಜಿನಲ್ಲೇ ಕೂತಿತ್ತು. ಶನಿವಾರದ ಕೊನೇ ಪೀರಿಯಡ್ಡು ಖಾಯಂ ನನಗೇ. ಅದಿರಲಿ.

ಪೇಪರ್ ಹಾಗೆ ಮಗುಚಿ ಕೊಟ್ಟ ಮುಂದಿನ ಸೋಮವಾರ ಬೆಳಿಗ್ಗೆ ಒಂಬತ್ತನೇ ತರಗತಿಯ ಹಾಜರಿ ತೆಗೆದೆ. ಬಗ್ಗಿಸಿದ ತಲೆ ಎತ್ತದೆ ಹೆಸರು ಕರೆಯುತ್ತಾ ಹೋದೆ. ಆ ಹೆಸರು ಬಂದಾಗ ಎಂದಿನಂತೆ ಕೈ ಎತ್ತಿದ್ದಾಳೋ ಎಂದು ನೋಡಲು ಧೈರ್ಯವಾಗಲಿಲ್ಲ. ಬರೇ ಕರೆದೆ.

"ಮಲ್ಲಮ್ಮ."

"ಅದೀನ್ರಿ ಸರ."

ಹಿಂದಿನ ಬೆಂಚಿನಿಂದ ಒಬ್ಬ ಕಿಸಕ್ಕೆಂದ. ಜೊತೆಗೆ ಯಾರೂ ನಗಲಿಲ್ಲ. ಅವನೂ ನಿಲ್ಲಿಸಿದ. ಮಕ್ಕಳು ಉತ್ತರ ಕೊಟ್ಟ ಹಾಗೆಯೇ ತಿರುಗಿ ಹೇಳಿ ನಗಿಸುವುದು ನನ್ನ ಚಟ, ಕ್ಲಾಸೆಲ್ಲ ನನ್ನ ಬಾಯಿಯನ್ನೇ ನೋಡುತ್ತಿತ್ತು. ಧ್ವನಿ ಆಗಲೇ ಗಂಟಲಿಗೆ ಬಂದು ಕೂತಿತ್ತು, ಸ್ವಲ್ಪ ಒಡಕು, ಸ್ವಲ್ಪ ಜೋರು, ಅವ್ವನ ರಾಗವೇ.

ನಾನು ಮುಂದಿನ ಹೆಸರು ಕರೆದೆ.